ಚಾರ್ಮಾಡಿ ಏರಿನಲ್ಲಿ ಹೊತ್ತಿದ ಕೆಂಪು ದೀಪ

ಉಜಿರೆ ದಾಟಿ ಚಾರ್ಮಾಡಿ ಸೇರುವಷ್ಟರಲ್ಲಿ ಮಳೆ ಹಿಡಿದುಕೊಂಡಿತು. ಮಂಗಳೂರಿನಿಂದ ಬೇಲೂರಿನ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73 ಇಲ್ಲಿಂದ ಘಟ್ಟ ಹತ್ತುತ್ತದೆ. 2019ರ ಆಗಸ್ಟ್ ಮಳೆಯಲ್ಲಿ ಗುಡ್ಡ ಕುಸಿದು ಸಂಚಾರವೇ ನಿಂತುಹೋಗಿದ್ದ ದಾರಿ ಇದು. ಆದರೂ ಮಳೆಗಾಲದಲ್ಲಿ ಚಾರ್ಮಾಡಿಯನ್ನು ನೋಡದಿದ್ದರೆ ನನಗೆ ಆ ವರ್ಷ ಪೂರ್ತಿಯಾಯಿತು ಅನ್ನಿಸುವುದಿಲ್ಲ. ಬಂಡೆಯ ಮೈಯಿಂದ ನೀರು ನೇರವಾಗಿ ರಸ್ತೆಗೇ ಸುರಿಯುತ್ತದೆ. ಒಂದು ತಿರುವಿನಲ್ಲಿ ಕಣಿವೆಯೆಲ್ಲ ಕಾಣುತ್ತದೆ, ಮುಂದಿನ ತಿರುವಿನಲ್ಲಿ ಬಾನೆಟ್ಟಿನ ಆಚೆ ಏನೂ ಕಾಣುವುದಿಲ್ಲ.

ಎರಡನೇ ಗೇರಿನಲ್ಲಿ ಎಂಜಿನ್ ಜೋರಾಗಿ ದುಡಿಯುತ್ತಿತ್ತು. ಆಗ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಗಿಂಡಿಯ ಚಿತ್ರದ ಕೆಂಪು ದೀಪ ಹೊತ್ತಿತು. ಕಾರನ್ನು ಅಂಚಿಗೆ ತಂದು ಕೂಡಲೇ ಎಂಜಿನ್ ಆಫ್ ಮಾಡಿದೆ. ಬಹುತೇಕ ಕಾರುಗಳಲ್ಲಿ ಈ ದೀಪ ಉರಿಯುವುದೇ ಆಯಿಲ್ ಒತ್ತಡ ಚದರ ಸೆಂಟಿಮೀಟರಿಗೆ ಅರ್ಧ ಕೆ.ಜಿ.ಗಿಂತ ಕೆಳಗೆ ಬಿದ್ದ ಮೇಲೆ. ಪೆಟ್ರೋಲ್ ದೀಪದ ಹಾಗೆ ಇದು ಮುನ್ಸೂಚನೆಯಲ್ಲ. ಕ್ರ್ಯಾಂಕ್ ಶಾಫ್ಟ್ ಮತ್ತು ಬೇರಿಂಗಿನ ನಡುವೆ ಆಯಿಲಿನ ತೆಳು ಪದರವೊಂದಿದೆಯಲ್ಲ, ಅದು ಹರಿದರೆ ಲೋಹಕ್ಕೆ ಲೋಹ ಉಜ್ಜುತ್ತದೆ.

ಸ್ವಲ್ಪ ಹೊತ್ತು ಬಿಟ್ಟು ಡಿಪ್‌ಸ್ಟಿಕ್ ತೆಗೆದು ಒರೆಸಿ ಮತ್ತೆ ಅದ್ದಿ ನೋಡಿದೆ. ಆಯಿಲ್ ಮೇಲಿನ ಗೆರೆಯ ಹತ್ತಿರವೇ ಇತ್ತು. ಟಾರ್ಚ್ ಹಿಡಿದು ಅಡಿಗೆ ನೋಡಿದರೆ ಎಲ್ಲೂ ಸೋರಿಲ್ಲ. ಮತ್ತೆ ಸ್ಟಾರ್ಟ್ ಮಾಡಿದಾಗ ದೀಪ ಆರಿತು. "ಸರಿಹೋಯ್ತಲ್ಲ, ಹೋಗೋಣ" ಎಂದಳು ಹೆಂಡತಿ. ತುಸು ದೂರ ಹೋಗಿ ಏರು ಕಡಿದಾಗುತ್ತಲೇ ಮತ್ತೆ ದೀಪ. ಇನ್ನು ಕೀಲಿ ತಿರುಗಿಸುವುದಿಲ್ಲ ಎಂದು ನಿಶ್ಚಯಿಸಿದೆ. ಫೋನಿಗೆ ಸಿಗ್ನಲ್ ಇಲ್ಲ. ಮಂಜಿನಲ್ಲಿ ಕೈ ಬೀಸುತ್ತ ನಿಂತೆವು.

ನಿಲ್ಲಿಸಿದವನು ತೋಟದ ಜೀಪಿನ ಹುಡುಗ. "ಬನ್ನಿ ಸಾರ್, ಬಣಕಲ್ಲಿಗೆ ಎಳ್ಕೊಂಡು ಹೋಗುವಾ" ಎಂದು ಹಗ್ಗ ತೆಗೆದೇಬಿಟ್ಟ. ಎಂಜಿನ್ ಆಫ್ ಇರುವ ಕಾರಿನ ಸ್ಟೇರಿಂಗ್ ಕಲ್ಲಿನಂತೆ ಬಿಗಿಯುತ್ತದೆ, ಬ್ರೇಕಿಗೆ ಎಂದಿಗಿಂತ ಎಷ್ಟೋ ಹೆಚ್ಚು ಬಲ ಹಾಕಬೇಕು. ಏರಿನಲ್ಲಿ ಹಗ್ಗ ಸಡಿಲವಾಗದೆ ಇದ್ದದ್ದೇ ಅನುಕೂಲವಾಯಿತು. ಬಣಕಲ್ಲಿನ ತಗಡಿನ ಶೆಡ್ಡಿನ ಮುಂದೆ ನಮ್ಮನ್ನು ಬಿಟ್ಟ ಹುಡುಗ ಡೀಸೆಲ್ ದುಡ್ಡನ್ನೂ ಮುಟ್ಟಲಿಲ್ಲ.

ಶೆಡ್ಡಿನ ಮೇಸ್ತ್ರಿಯ ಬಗ್ಗೆ ನನಗೆ ಗೌರವ ಮೂಡಿದ್ದು ಅವರು ಸ್ಪ್ಯಾನರ್ ಹಿಡಿಯುವ ಮೊದಲು ಕೇಳಿದ ಪ್ರಶ್ನೆಗಳಿಂದ. "ದೀಪ ಬಂದದ್ದು ನಿಂತಾಗಲೋ, ಎಕ್ಸಲರೇಟರ್ ಒತ್ತಿದಾಗಲೋ? ಆಫ್ ಮಾಡಿ ಬಿಟ್ರೆ ಹೋಗ್ತದಾ? ಇತ್ತೀಚೆಗೆ ಚೇಂಬರ್ ಬಿಚ್ಚಿಸಿದ್ರಾ?" ಹೌದು, ಆಯಿಲ್ ಜಿನುಗುತ್ತಿದೆ ಎಂದು ಹಿಂದಿನ ಬೇಸಿಗೆಯಲ್ಲಿ ಊರಿನ ಗ್ಯಾರೇಜೊಂದರಲ್ಲಿ ಎಂಜಿನ್ ತಳದ ಆಯಿಲ್ ಚೇಂಬರ್ ಇಳಿಸಿ ಹೊಸದಾಗಿ ಪೇಸ್ಟ್ ಹಾಕಿಸಿದ್ದೆ. ಮೇಸ್ತ್ರಿ ತಲೆಯಾಡಿಸಿದರು.

ಆಯಿಲ್ ಸ್ವಿಚ್ಚೇ ಕೆಟ್ಟಿದ್ದರೂ ದೀಪ ಉರಿಯಬಹುದು. ಹಾಗಾಗಿ ಸ್ವಿಚ್ ಬಿಚ್ಚಿ ಆ ತೂತಿಗೆ ಮುಳ್ಳಿನ ಗೇಜ್ ಕೂರಿಸಿದರು. "ಒಂದೇ ನಿಮಿಷ ಸಾರ್, ಮುಳ್ಳು ನೋಡಿ." ಐಡಲಿನಲ್ಲಿ ಒಂದೂವರೆ ಕೆ.ಜಿ. ಎಕ್ಸಲರೇಟರ್ ಏರಿಸಿದಾಗ ಮುಳ್ಳು ಮೂರಕ್ಕೆ ಹೋಯಿತು, ಅಲ್ಲಿ ನಿಲ್ಲಲಿಲ್ಲ, ನಡುಗುತ್ತ ಒಂದಕ್ಕೂ ಕೆಳಗೆ ಇಳಿಯಿತು. ಅವರು ತಕ್ಷಣ ಆಫ್ ಮಾಡಿದರು. ಬೇರಿಂಗ್ ಸವೆದಿದ್ದರೆ ಬಿಸಿ ಎಂಜಿನ್ ಐಡಲಿನಲ್ಲಿರುವಾಗ ಒತ್ತಡ ಕಡಿಮೆಯಿದ್ದು, ವೇಗ ಏರಿದಂತೆ ತಾನೂ ಏರಬೇಕು. ಏರಿ ಮತ್ತೆ ಬಿದ್ದರೆ ಪಂಪಿಗೆ ಬೇಕಾದಷ್ಟು ಆಯಿಲ್ ಸಿಗುತ್ತಿಲ್ಲ ಎಂದು ಅರ್ಥ. ಎಂಜಿನ್ ನಿಂತಾಗ ಪಂಪಿನ ಬಾಯಿಯ ಜಾಲರಿಗೆ ಅಂಟಿದ ಕಸ ಕಳಚಿ ಕೆಳಗೆ ಕೂರುತ್ತದೆ, ಓಡುವಾಗ ಮತ್ತೆ ಎಳೆದುಕೊಳ್ಳುತ್ತದೆ. ಘಟ್ಟದಲ್ಲಿ ದೀಪ ಆರಿ ಮತ್ತೆ ಹೊತ್ತಿದ್ದರ ಗುಟ್ಟು ಇದೇ.

ಆಯಿಲ್ ಬಸಿದು ಚೇಂಬರ್ ಇಳಿಸಿದರು. ಪಂಪಿನ ಬಾಯಿಗೆ ಇರುವ ಸ್ಟ್ರೈನರ್ ಟೀ ಸೋಸುವ ಜರಡಿಯಷ್ಟೇ ಅಗಲ. ಅದರ ಮುಕ್ಕಾಲು ಭಾಗವನ್ನು ಬೂದು ಬಣ್ಣದ ರಬ್ಬರಿನಂಥ ಚೂರುಗಳು, ಕಪ್ಪು ಗಸಿ ಮುಚ್ಚಿದ್ದವು. ಚೇಂಬರ್ ಕೂರಿಸುವಾಗ ಹೆಚ್ಚಾಗಿ ಬಳಿದ ಗ್ಯಾಸ್ಕೆಟ್ ಪೇಸ್ಟ್ ಒಳಗೆ ಉಬ್ಬಿ, ಒಣಗಿ, ಕಿತ್ತು ಬಂದಿತ್ತು. ಮೇಸ್ತ್ರಿ ಚೇಂಬರಿನ ತಳದಲ್ಲಿ ಮ್ಯಾಗ್ನೆಟ್ ಆಡಿಸಿದರು. ಆಮೇಲೆ ಗಸಿಯನ್ನು ಬೆರಳಿನಲ್ಲಿ ತಿಕ್ಕಿ ಬೆಳಕಿಗೆ ಹಿಡಿದರು. ಹೊಳೆಯುವ ಲೋಹದ ಪುಡಿ ಇಲ್ಲ. "ಬೇರಿಂಗ್ ಉಳ್ಕೊಂಡಿದೆ ಮಾರಾಯ್ರೆ. ಆಗಲೇ ಆಫ್ ಮಾಡಿದ್ದು ಒಳ್ಳೇದಾಯ್ತು."

ಸ್ಟ್ರೈನರನ್ನು ಸೀಮೆಎಣ್ಣೆಯಲ್ಲಿ ತೊಳೆದು ಗಾಳಿ ಹೊಡೆದರು. ಅದರ ಕೊಳವೆ ಪಂಪಿಗೆ ಸೇರುವಲ್ಲಿನ ಸಣ್ಣ ರಬ್ಬರ್ ರಿಂಗನ್ನೂ ಬದಲಾಯಿಸಿದರು. ಅಲ್ಲಿ ಗಾಳಿ ಎಳೆದರೂ ಒತ್ತಡ ನಿಲ್ಲುವುದಿಲ್ಲ. ಪೇಸ್ಟನ್ನು ಈ ಸಲ ನೂಲಿನ ಗೆರೆಯಷ್ಟು ತೆಳುವಾಗಿ ಎಳೆದು, ರಾತ್ರಿಯಿಡೀ ಒಣಗಲಿ ಎಂದರು.

ಹಾಗಾಗಿ ಬಣಕಲ್ಲಿನಲ್ಲಿ ಉಳಿದೆವು. ಬೆಳಿಗ್ಗೆ ಬಸ್ಸಿನಲ್ಲಿ ಕೊಟ್ಟಿಗೆಹಾರಕ್ಕೆ ಹೋಗಿ ನೀರುದೋಸೆ ತಿಂದು ತೇಜಸ್ವಿ ಪ್ರತಿಷ್ಠಾನ ನೋಡಿ ಬಂದೆವು. ಸ್ಕೂಟರನ್ನು ತಾವೇ ಬಿಚ್ಚಿ ಜೋಡಿಸುತ್ತಿದ್ದ ಲೇಖಕ ತೇಜಸ್ವಿ ಬದುಕಿದ ಸೀಮೆಯಲ್ಲಿ ಇಂಥ ಮೇಸ್ತ್ರಿ ಸಿಕ್ಕಿದ್ದು ನನಗೆ ಖುಷಿ ಕೊಟ್ಟಿತು.

ನಾವು ಮರಳಿದಾಗ ಹೊಸ ಫಿಲ್ಟರ್, ಹೊಸ ಆಯಿಲ್ ಬಿದ್ದಿದ್ದವು. "ದಪ್ಪ ಆಯಿಲ್ ಹಾಕಿದ್ರೆ ಇನ್ನೂ ಒಳ್ಳೇದಲ್ವಾ?" ಎಂದು ಕೇಳಿದೆ. "ಅದು ರೋಗ ಮುಚ್ಚಿಡೋದು ಸಾರ್. ಕಂಪನಿ ಪುಸ್ತಕದಲ್ಲಿ ಹೇಳಿದ ಗ್ರೇಡೇ ಹಾಕಿ." ಕಾಯಿಲ್ ಪ್ಲಗ್ ಕಿತ್ತಿಟ್ಟು, ಗೇಜಿನ ಮುಳ್ಳು ಮೇಲೇಳುವವರೆಗೆ ಬರೀ ಸೆಲ್ಫ್ ಹೊಡೆದರು. ಎಂಜಿನ್ ಹತ್ತುವ ಮೊದಲೇ ಆಯಿಲ್ ಎಲ್ಲ ಕಡೆ ತಲುಪಲಿ ಎಂದು. ಆಮೇಲೆ ಫ್ಯಾನ್ ತಿರುಗುವಷ್ಟು ಬಿಸಿ ಮಾಡಿ ನೋಡಿದರೆ 3000 ಸುತ್ತಿನಲ್ಲಿ ಮೂರೂವರೆ ಕೆ.ಜಿ. ಮುಳ್ಳು ಅಲುಗಲಿಲ್ಲ.

ಮಧ್ಯಾಹ್ನಕ್ಕೆ ಮೂಡಿಗೆರೆ ದಾಟಿ ಬೇಲೂರು ಸೇರಿದೆವು. ಕಾರಿನಲ್ಲಿ ದೂರ ಹೋಗುವವರಿಗೆ ಇಷ್ಟು ಹೇಳುತ್ತೇನೆ: ಆ ಕೆಂಪು ದೀಪ ಓಡುವಾಗ ಹೊತ್ತಿದರೆ ಮುಂದಿನ ಊರಿನವರೆಗೆ ಎಂದು ಲೆಕ್ಕ ಹಾಕಬೇಡಿ, ಸುರಕ್ಷಿತ ಜಾಗ ಸಿಕ್ಕ ಕೂಡಲೇ ಎಂಜಿನ್ ನಿಲ್ಲಿಸಿ. ಡಿಪ್‌ಸ್ಟಿಕ್ ಸರಿ ತೋರಿಸಿತೆಂದು ನಂಬಬೇಡಿ, ಅದು ಆಯಿಲ್ ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು ಹರಿಯುತ್ತಿದೆಯೇ ಎಂದಲ್ಲ. ಗ್ಯಾರೇಜಿನವರು ಎಂಜಿನ್ ಬಿಚ್ಚಬೇಕು ಅಂದರೆ, ಮೊದಲು ಗೇಜ್ ಹಾಕಿ ಒತ್ತಡ ತೋರಿಸಿ ಎಂದು ಕೇಳಿ.