ಬೀಜಾಡಿಯ ಉಪ್ಪುಗಾಳಿಯಲ್ಲಿ ಪಿಟೀಲು

ಕುಂದಾಪುರದಿಂದ ಉಡುಪಿ ಕಡೆಗೆ ಹೊರಟರೆ ಕೋಟೇಶ್ವರ ದಾಟಿದ ಮೇಲೆ ಬೀಜಾಡಿ. ಹೆದ್ದಾರಿ 66ರಲ್ಲಿ ಬಸ್ಸಿಳಿದು ಪಶ್ಚಿಮಕ್ಕೆ ನಡೆದರೆ ತೆಂಗಿನ ಮರಗಳ ನಡುವೆ ಮೊದಲು ಕಡಲಿನ ಸದ್ದು ಸಿಗುತ್ತದೆ, ಆಮೇಲೆ ಕಡಲು. ಚಂಡೆ, ಮದ್ದಳೆ ಕೇಳಿಯೇ ಬೆಳೆಯುವ ಈ ಸೀಮೆಯಲ್ಲಿ ನನ್ನ ಅಕ್ಕನ ಮಗಳು ಪಿಟೀಲು ಕಲಿಯುತ್ತಿದ್ದಾಳೆ. ಪಾಠ ವಾರಕ್ಕೊಂದು ದಿನ, ಕುಂದಾಪುರದಲ್ಲಿ. ಉಳಿದ ಆರು ದಿನ ಮನೆಯಲ್ಲೇ ಅಭ್ಯಾಸ.

"ಮಳಿಗಾಲ್ದಗೆ ಬಿರಡೆ ತಿರ್ಗುದೇ ಇಲ್ಲ, ಚಿಕ್ಕಮ್ಮ" ಅಂದಳು. ಮರ ತೇವ ಹೀರಿ ಉಬ್ಬುತ್ತದೆ, ಬಿರಡೆ ಕಚ್ಚಿಕೊಳ್ಳುತ್ತದೆ. ಕಳೆದ ಮಳೆಗಾಲದಲ್ಲಂತೂ ಪಿಟೀಲಿನ ಅಂಚಿನ ಅಂಟೇ ಬಿಟ್ಟಿತ್ತು. ರಿಪೇರಿಗೆ ಕೊಟ್ಟದ್ದು ವಾರಗಟ್ಟಲೆ ಬರಲಿಲ್ಲ. ಪಾಠ ನಿಲ್ಲಿಸಿಬಿಡೋಣ ಅಂತ ಅಕ್ಕ ತೀರ್ಮಾನಿಸಿಯೇ ಬಿಟ್ಟಿದ್ದಳು.

ಈಗ ಪೆಟ್ಟಿಗೆಯೊಳಗೆ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳಿವೆ. ಪೆಟ್ಟಿಗೆ ಹೊರಗೋಡೆಗೆ ತಾಗುವಂತಿಲ್ಲ. ಬಿಗಿಯಾದ ಬಿರಡೆಗೆ ಒಣ ಸೋಪು, ಜಾರುವ ಬಿರಡೆಗೆ ಸೀಮೆಸುಣ್ಣ. ನುಡಿಸಿದ ಮೇಲೆ ಕಮಾನು ಸಡಿಲಿಸಿ, ತಂತಿಯ ಬೆವರು, ರಾಳದ ಪುಡಿಯನ್ನು ಹಳೇ ಪಂಚೆಯ ತುಂಡಿನಿಂದ ಒರೆಸುತ್ತಾಳೆ. ಉಪ್ಪುಗಾಳಿಗೆ ಉಕ್ಕಿನ ತಂತಿ ಬೇಗ ತುಕ್ಕು ಹಿಡಿಯುವುದರಿಂದ ಜೂನ್‌ಗೆ ಮೊದಲೇ ಇನ್ನೊಂದು ಸೆಟ್ ತಂತಿ ತಂದಿಡುತ್ತಾರೆ.

ಶ್ರುತಿಗೆ ಮೊಬೈಲಿನ ತಂಬೂರಿ ಆ್ಯಪ್. ಒಮ್ಮೆ ಇಳಿಸಿಕೊಂಡದ್ದು ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಸ-ಪ-ಸ-ಪ ಕೂಡಿಸುವಾಗ ಟ್ಯೂನರ್ ಆ್ಯಪಿನ ಮುಳ್ಳು ನೋಡಬಹುದು, ನುಡಿಸುವಾಗ ಬೇಡ. ವೀಣೆಗಿರುವಂತೆ ಪಿಟೀಲಿಗೆ ಮೆಟ್ಟಿಲುಗಳಿಲ್ಲ, ಬೆರಳಿಗೆ ಜಾಗ ತೋರಿಸಬೇಕಾದ್ದು ಕಿವಿಯೇ. ಮಾಯಾಮಾಳವಗೌಳದ ಸರಳೆ ವರಸೆ ಮೂರು ಕಾಲದಲ್ಲಿ ನುಡಿಸಿ, ರೆಕಾರ್ಡ್ ಮಾಡಿ, ಮರುದಿನ ಕೇಳುತ್ತಾಳೆ. ಗುರುಗಳ ಒಪ್ಪಿಗೆ ಪಡೆದು ಮಾಡಿಕೊಂಡ ಪಾಠದ ರೆಕಾರ್ಡಿಂಗೂ ಇದೆ. ಯೂಟ್ಯೂಬಿನ ನೂರು ವಿಡಿಯೋಗಿಂತ ಅದೊಂದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ದಿನಕ್ಕೊಂದು ಹೊಸ ಕೃತಿ ನೋಡುತ್ತ ಕೂತರೆ ಸರಳೆ ಅಲ್ಲೇ ಉಳಿಯುತ್ತದೆ.

ಜುಲೈಯಲ್ಲಿ ಕಡಲು ಮೊರೆಯುವಾಗ ಜಗಲಿಯಲ್ಲಿ ಪಿಟೀಲು ಕೇಳಿಸದು, ಒಳಕೋಣೆಗೇ ಹೋಗಬೇಕು. ಮೈಕಿಲ್ಲದ ಕಾಲದಲ್ಲಿ ಸಭೆಯ ಕೊನೆಗೂ ನಾದ ಮುಟ್ಟಲೆಂದು ಮೈಸೂರು ಟಿ. ಚೌಡಯ್ಯನವರು ಪಿಟೀಲಿಗೆ 7 ತಂತಿ ಕಟ್ಟಿದ್ದನ್ನು ಹೇಳಿದೆ. "ನಂಗೆ ನಾಲ್ಕೇ ಸಾಕಪ್ಪ" ಎಂದು ನಕ್ಕಳು.

ಈಗ ಅಲಂಕಾರಗಳವರೆಗೆ ಬಂದಿದ್ದಾಳೆ. ಸಂಜೆ ಆರು ದಾಟಿದರೆ ಅಕ್ಕನೇ ಅಡುಗೆಮನೆಯಿಂದ ಕೂಗುತ್ತಾಳೆ: "ಇನ್ನೂ ಪಿಟೀಲ್ ಹಿಡಿಲಿಲ್ಯಾ?"