ಉಪಹಾರ್: ಇಪ್ಪತ್ತು ವರ್ಷದ ವಾಯಿದೆ

ದೆಹಲಿಯ ನೀಲಂ ಕೃಷ್ಣಮೂರ್ತಿ ತಮ್ಮ ಇಬ್ಬರು ಮಕ್ಕಳಿಗೆ ಸಿನಿಮಾ ಟಿಕೆಟ್ ತಾವೇ ಬುಕ್ ಮಾಡಿದ್ದರು. ಮಗಳಿಗೆ 17 ವರ್ಷ, ಮಗನಿಗೆ 13. ಅಂದು 1997ರ ಜೂನ್ 13, ಶುಕ್ರವಾರ. ಉಪಹಾರ್ ಚಿತ್ರಮಂದಿರದಲ್ಲಿ ‘ಬಾರ್ಡರ್’ ಓಡುತ್ತಿತ್ತು. ಕೆಳಗೆ ಕಾರು ನಿಲ್ಲಿಸುವ ಜಾಗದ ಬಳಿಯಿದ್ದ ಟ್ರಾನ್ಸ್‌ಫಾರ್ಮರ್‌ಗೆ ಬೆಂಕಿ ಬಿತ್ತು. ಹೊಗೆ ಮೆಟ್ಟಿಲಿನ ದಾರಿಯಲ್ಲಿ ಬಾಲ್ಕನಿಗೆ ಏರಿತು. 59 ಜನ ಸತ್ತರು, ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಆ ಇಬ್ಬರು ಮಕ್ಕಳೂ ಮನೆಗೆ ಬರಲಿಲ್ಲ.

ಜನ ಸತ್ತದ್ದು ಉಸಿರುಕಟ್ಟಿ. ಹೆಚ್ಚು ಸೀಟು ಹಾಕಲು ಬಾಲ್ಕನಿಯಲ್ಲಿ ಹೊರಹೋಗುವ ಒಂದು ದಾರಿಯನ್ನೇ ಮುಚ್ಚಿದ್ದರು. ಬಾಗಿಲಿಗೆ ಚಿಲಕ ಹಾಕಿತ್ತು. ಇದನ್ನು ಓದಿದ ಮೇಲೆ ನಾನು ಮದುವೆಗೆ ಹೋದಲ್ಲೆಲ್ಲ ಛತ್ರದ ಹಿಂಬಾಗಿಲು ನೋಡುತ್ತೇನೆ. ಎಷ್ಟೋ ಕಡೆ ಬೀಗ, ಅದರ ಮುಂದೆ ಕುರ್ಚಿ ರಾಶಿ. ಕೇಳಿದರೆ, ‘ಕರೀದೇ ಇರೋರು ಊಟಕ್ಕೆ ನುಗ್ತಾರಲ್ಲ’ ಅಂತಾರೆ.

ನೀಲಂ ಮತ್ತು ಅವರ ಪತಿ ಶೇಖರ್ ವಕೀಲರಲ್ಲ. ಆದರೂ ತಿಂಗಳು ಮುಗಿಯುವುದರೊಳಗೆ ಮಕ್ಕಳನ್ನು, ಮನೆಯವರನ್ನು ಕಳೆದುಕೊಂಡ ಬೇರೆಯವರನ್ನು ಹುಡುಕಿ ಸಂಘ ಕಟ್ಟಿದರು. ಕೋರ್ಟಿಗೆ ಅಲೆದವರಿಗೆ ವಾಯಿದೆ ಅಂದರೆ ಏನೆಂದು ಗೊತ್ತು. ಜಮೀನಿನ ಕೇಸಿಗೇ ನಾವು ಸುಸ್ತಾಗುತ್ತೇವೆ; ಇವರು ಪ್ರತಿ ವಾಯಿದೆಗೂ ಸತ್ತ ಮಕ್ಕಳ ಮಾತನ್ನೇ ಕೇಳಿಸಿಕೊಂಡು ಕೂರಬೇಕಿತ್ತು.

ಮೊದಲ ತೀರ್ಪು ಬಂದದ್ದು 2007ರಲ್ಲಿ, ಹತ್ತು ವರ್ಷದ ಮೇಲೆ. ಚಿತ್ರಮಂದಿರದ ಮಾಲೀಕರಾದ ಅನ್ಸಲ್ ಸಹೋದರರಿಗೆ ಎರಡು ವರ್ಷ ಜೈಲು. ಮುಂದಿನ ವರ್ಷ ಹೈಕೋರ್ಟ್ ಅದನ್ನು ಒಂದು ವರ್ಷಕ್ಕಿಳಿಸಿತು. 2015ರಲ್ಲಿ ಸುಪ್ರೀಂ ಕೋರ್ಟ್, ತಲಾ 30 ಕೋಟಿ ಕಟ್ಟಿದರೆ ಅನುಭವಿಸಿದಷ್ಟು ಜೈಲೇ ಸಾಕು ಅಂದಿತು. 2017ರಲ್ಲಿ ತಮ್ಮನಿಗೆ ಒಂದು ವರ್ಷ ಪೂರ್ತಿ ಮಾಡಲು ಹೇಳಿ, ಅಣ್ಣನನ್ನು ವಯಸ್ಸಾಯಿತೆಂದು ಬಿಟ್ಟಿತು. ದುಡ್ಡಿದ್ದವನಿಗೆ ಒಂದು ಲೆಕ್ಕ, ಇಲ್ಲದವನಿಗೆ ಇನ್ನೊಂದು ಲೆಕ್ಕ ಅನ್ನಿಸಿದರೆ ಯಾರನ್ನು ಬೈಯೋಣ?

ಇದಕ್ಕಿಂತ ನನಗೆ ಕಷ್ಟವಾದದ್ದು ಕಡತದ ಕಥೆ. ಕೋರ್ಟಿನಲ್ಲಿದ್ದ ಸಾಕ್ಷಿಯ ಕಾಗದಗಳನ್ನೇ ಹರಿದು, ಶಾಯಿ ಚೆಲ್ಲಿ ಹಾಳು ಮಾಡಿದ್ದರು. ಅದಕ್ಕೂ ಈ ತಂದೆತಾಯಿಯರೇ ಮತ್ತೆ ಹೋರಾಡಬೇಕಾಯಿತು. 2021ರಲ್ಲಿ ಸಹೋದರರಿಗೆ ಏಳು ವರ್ಷ ಶಿಕ್ಷೆಯಾಯಿತು. 2022ರಲ್ಲಿ ಅದೂ ಅನುಭವಿಸಿದ ಅವಧಿಗೆ ಇಳಿದು, ಅವರು ಹೊರಗೆ ಬಂದರು.

ನಮ್ಮ ಬೆಂಗಳೂರಿನಲ್ಲೂ 2010ರ ಫೆಬ್ರವರಿಯಲ್ಲಿ ಕಾರ್ಲ್‌ಟನ್ ಟವರ್ಸ್‌ಗೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಅಲ್ಲಿ ಮಗನನ್ನು ಕಳೆದುಕೊಂಡ ಉದಯ್ ವಿಜಯನ್ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ, ಬೆಂಕಿಯಿಂದ ಜನರನ್ನು ಉಳಿಸುವ ಕೆಲಸಕ್ಕೆ ಇಳಿದರು. ಆ ಕಟ್ಟಡದಲ್ಲೂ ಜನ ಹೊಗೆ ತಾಳಲಾರದೆ ಕಿಟಕಿಯಿಂದ ಹಾರಿದ್ದರು.