ದುರ್ಗದ ವಸ್ತು ಸಂಗ್ರಹಾಲಯವೂ ಮನೆಯ ಅಟ್ಟವೂ

ಶಾಲೆಯ ಪ್ರವಾಸವೆಂದೊಡನೆ ಮಕ್ಕಳ ಮನಸ್ಸು ಜೋಗ, ಮೈಸೂರು, ಹಂಪೆಗಳ ಕಡೆಗೆ ಓಡುವುದು ಸಹಜ. ಈ ವರ್ಷ ನಾವು ಅಷ್ಟು ದೂರ ಹೋಗಲಿಲ್ಲ. ನಮ್ಮ ಜಿಲ್ಲೆಯಲ್ಲಿಯೇ ಒಂದು ಸುತ್ತು ಬಂದು, ಅದರ ನಡುವೆ ಚಿತ್ರದುರ್ಗದ ಸರ್ಕಾರಿ ವಸ್ತು ಸಂಗ್ರಹಾಲಯವನ್ನು ಸಾವಧಾನವಾಗಿ ನೋಡಬೇಕೆಂದು ನಿಶ್ಚಯಿಸಿದೆವು. “ದುರ್ಗಾನಾ ಸಾರ್? ಅದನ್ನ ನೋಡಿದ್ದೀವಿ” ಎಂದು ಹುಡುಗರು ಮುಖ ಸಪ್ಪೆ ಮಾಡಿದರು. ಕೋಟೆಯನ್ನು ನೋಡಿದವರು ಹಲವರಿದ್ದರು. ಸಂಗ್ರಹಾಲಯದ ಹೊಸ್ತಿಲು ದಾಟಿದವರು ಒಬ್ಬರೂ ಇರಲಿಲ್ಲ.

ಡಿಸೆಂಬರ್ ತಿಂಗಳ ಒಂದು ಮುಂಜಾನೆ, ಮಂಜು ಇನ್ನೂ ಕರಗುವ ಮೊದಲೇ, ಪ್ರಾರ್ಥನೆ ಮುಗಿಸಿ ಹೊಸದುರ್ಗದಿಂದ ಹೊರಟೆವು. ಎಂಟನೆಯ ತರಗತಿಯ ಮಕ್ಕಳು ನಲವತ್ತಕ್ಕೂ ಹೆಚ್ಚು, ಉಪಾಧ್ಯಾಯರು ನಾವಿಬ್ಬರು. ಮನೆಮನೆಯ ತಾಯಂದಿರು ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ, ಮೊಸರನ್ನಗಳ ಗಂಟುಗಳಿಂದ ಬಸ್ಸಿನೊಳಗೆ ಹಬ್ಬದ ವಾಸನೆ ತುಂಬಿತ್ತು. ಹೊಳಲ್ಕೆರೆಯಲ್ಲಿ ಇಳಿದು ಬಯಲು ಗಣಪತಿಯನ್ನು ನೋಡಿದೆವು. ಮುಂದೆ ತೋಟಗಳು ಹಿಂದಾದವು. ಮೆಕ್ಕೆಜೋಳದ ಕೂಳೆ ಹೊಲಗಳು, ಬೋಳುಗುಡ್ಡಗಳು ಎದುರಾದವು. ದೂರದಲ್ಲಿ ದುರ್ಗದ ಬಂಡೆಗಳು ಕಾಣಿಸಿಕೊಂಡಾಗ ಮಕ್ಕಳ ಹಾಡು ತಾನಾಗಿಯೇ ಜೋರಾಯಿತು.

ಸಂಗ್ರಹಾಲಯವಿರುವುದು ರಂಗಯ್ಯನ ಬಾಗಿಲಿನ ಬಳಿ. ಹೊರಗಿನ ಗದ್ದಲವನ್ನು ಬಿಟ್ಟು ಒಳಗೆ ಕಾಲಿಟ್ಟೊಡನೆ ಕಲ್ಲಿನ ವಿಗ್ರಹಗಳ ಮೌನ ನಮ್ಮನ್ನು ಆವರಿಸಿತು. ಹುಡುಗರು ಮೊದಲು ಓಡಿದ್ದು ಆಯುಧಗಳ ಕಡೆಗೆ. 1779ರಲ್ಲಿ ಹೈದರಾಲಿಯ ವಶವಾಗುವವರೆಗೆ ಈ ಏಳುಸುತ್ತಿನ ಕೋಟೆಯನ್ನಾಳಿದ ನಾಯಕರ ಕಥೆ, ಒನಕೆ ಓಬವ್ವನ ಕಥೆ ಅವರಿಗೆಲ್ಲ ಬಾಯಿಪಾಠ. ನಾವು ಅವರನ್ನು ಮೆಲ್ಲನೆ ಮಡಕೆಯ ಚೂರುಗಳತ್ತ, ನಾಣ್ಯಗಳ ಮಾತಿನತ್ತ ತಿರುಗಿಸಿದೆವು.

ದುರ್ಗದ ಮಗ್ಗುಲಲ್ಲಿಯೇ ಇರುವ ಚಂದ್ರವಳ್ಳಿಯಲ್ಲಿ 1909ರಲ್ಲಿ ಆರ್. ನರಸಿಂಹಾಚಾರ್ಯರೂ, 1929ರಲ್ಲಿ ಡಾ. ಎಂ.ಎಚ್. ಕೃಷ್ಣರವರೂ, 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರೂ ಭೂಶೋಧನೆ ನಡೆಸಿದರು. ಶಾತವಾಹನರ ಸೀಸದ ನಾಣ್ಯಗಳ ಜೊತೆಗೆ ರೋಮ್ ಚಕ್ರವರ್ತಿಗಳಾದ ಅಗಸ್ಟಸ್ ಮತ್ತು ಟೈಬೀರಿಯಸರ ಬೆಳ್ಳಿಯ ನಾಣ್ಯಗಳು ಆ ನೆಲದಲ್ಲಿ ದೊರೆತಿವೆ. ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ಈ ಬರದ ಸೀಮೆಗೆ ರೋಮ್ ದೇಶದ ಹಣ ಬಂದಿತ್ತೆಂದು ಹೇಳಿದಾಗ ಒಬ್ಬ ಹುಡುಗ, “ನಮ್ಮೂರ ಹೊಲದಾಗೂ ಅಗೀಬೇಕು ಸಾರ್” ಎಂದು ಎಲ್ಲರನ್ನೂ ನಗಿಸಿದ. ಆ ಚೂರು ಮಡಕೆಗಳೇ ಕಾಲವನ್ನು ಅಳೆಯುವ ಕೋಲುಗಳೆಂಬುದನ್ನು ತಿಳಿಸಿ ಹೇಳಿದೆವು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ.ಎಲ್. ರೈಸ್ ಅವರು 1892ರಲ್ಲಿ ಅಶೋಕನ ಶಾಸನಗಳನ್ನು ಪತ್ತೆ ಹಚ್ಚಿದ ಸಂಗತಿಯನ್ನೂ ವಿವರಿಸಿದೆವು.

ಹೀಗೆ ಸಾಗುತ್ತ ತಾಡವೋಲೆಗಳ ಬಳಿಗೆ ಬಂದೆವು. ತಾಳೆಯ ಗರಿಯನ್ನು ಬೇಯಿಸಿ, ಒಣಗಿಸಿ, ನಯಗೊಳಿಸಿ, ಒಂದೇ ಅಳತೆಗೆ ಕತ್ತರಿಸುತ್ತಿದ್ದರು. ಕಂಠವೆಂಬ ಕಬ್ಬಿಣದ ಲೇಖನಿಯಿಂದ ಅಕ್ಷರ ಕೊರೆದು, ಮೇಲೆ ಕಾಡಿಗೆ ಸವರಿ ಒರೆಸಿದರೆ ಗೀರಿನೊಳಗೆ ಮಾತ್ರ ಕಪ್ಪು ಉಳಿದು ಅಕ್ಷರ ಎದ್ದು ಕಾಣುವುದು. ಗರಿಗಳಿಗೆ ರಂಧ್ರ ಮಾಡಿ ದಾರ ಪೋಣಿಸಿ, ಎರಡು ಬದಿಗೆ ಹಲಗೆಯಿಟ್ಟು ಬಿಗಿದರೆ ಅದೇ ಒಂದು ಕಟ್ಟು. ಇದನ್ನೆಲ್ಲ ಹೇಳುತ್ತಿರುವಾಗ, ಪ್ರವಾಸವಿಡೀ ಹೆಚ್ಚು ಮಾತನಾಡದಿದ್ದ ಒಬ್ಬ ಹುಡುಗಿ ಹತ್ತಿರ ಬಂದು ನಿಂತಳು.

“ಸಾರ್, ಇಂಥದ್ದು ನಮ್ಮನೆ ಅಟ್ಟದ ಮೇಲೂ ಐತೆ.”

“ಹೌದೇನಮ್ಮ? ಯಾರಾದರೂ ಓದುತ್ತಾರೆಯೇ?”

“ಇಲ್ಲ ಸಾರ್. ವರ್ಷಕ್ಕೊಂದು ಸಲ ಇಳಿಸಿ, ವಿಭೂತಿ ಹಚ್ಚಿ ಪೂಜೆ ಮಾಡ್ತೀವಿ. ಈಗ ಹಳೇ ಮನೆ ಕೆಡವಿ ಆರ್‌ಸಿಸಿ ಮನೆ ಕಟ್ಟಿಸ್ತಾ ಇದೀವಿ. ಅಟ್ಟ ಇರಲ್ಲ. ಸಂಕ್ರಾಂತಿ ದಿನ ಹೊಳೆಗೆ ಬಿಡೋದು ಅಂತ ಅಜ್ಜ ಹೇಳ್ಯಾರೆ.”

ಸಂಕ್ರಾಂತಿಗೆ ಇನ್ನು ಮೂರು ವಾರಗಳೂ ಇರಲಿಲ್ಲ. ನಮಗೆ ತಟ್ಟನೆ ಮಾತು ಹೊರಡಲಿಲ್ಲ. ಅದರ ಕಾರಣವನ್ನು ಮುಂದೆ ಹೇಳುತ್ತೇವೆ.

ಕೋಟೆಯನ್ನು ಹತ್ತಿ, ನಾಯಕರ ಕಾಲದ ಮುರುಘಾಮಠದ ಬಳಿ ಸ್ವಲ್ಪ ಹೊತ್ತು ನಿಂತೆವು. ದೊರೆಗಳೂ ಗುರುಪೀಠವೂ ಒಂದೇ ಕೋಟೆಯೊಳಗೆ ಬಾಳಿದ ಆ ಕಾಲವನ್ನು ನೆನೆದೆವು. ಕಳೆದ ಶತಮಾನದಲ್ಲಿ ಬಡ ವಿದ್ಯಾರ್ಥಿಗಳಿಗಾಗಿ ಊರೂರುಗಳಲ್ಲಿ ಉಚಿತ ಪ್ರಸಾದನಿಲಯಗಳನ್ನು ತೆರೆದ ಶ್ರೀ ಜಯದೇವ ಜಗದ್ಗುರುಗಳ ವಿಚಾರವನ್ನೂ ಮಕ್ಕಳಿಗೆ ತಿಳಿಸಿದೆವು. ಬಳಿಕ ಬಂಡೆಯ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಿದೆವು.

ಊಟದ ಹೊತ್ತಿನಲ್ಲಿ ನಮ್ಮ ಸಹೋಪಾಧ್ಯಾಯರು ಒಂದು ಪ್ರಸಂಗವನ್ನು ಹೇಳಿದರು. ಅವರು ಪಶುಪತಿನಾಥನ ದರ್ಶನಕ್ಕೆಂದು ನೇಪಾಳಕ್ಕೆ ಹೋಗಿ ಬಂದವರು. ಕಠ್ಮಂಡು ಕಣಿವೆಯ ಮೂಲ ನಿವಾಸಿಗಳಾದ ನೇವಾರರು ಮರದ ಕೆತ್ತನೆಯಲ್ಲಿಯೂ ಲೋಹದ ಎರಕದಲ್ಲಿಯೂ ಹೆಸರಾದವರು. ಲಲಿತಪುರವೆಂದೂ ಕರೆಯಲ್ಪಡುವ ಪಾಟನ್ ನಗರದಲ್ಲಿ ಹಳೆಯ ಅರಮನೆಯ ಒಂದು ಭಾಗವನ್ನೇ ದುರಸ್ತಿ ಮಾಡಿ, 1997ರಲ್ಲಿ ಸಂಗ್ರಹಾಲಯವನ್ನು ತೆರೆದಿದ್ದಾರೆ. ಒಳಗೆ ಹಿಂದಿನವರು ಎರಕ ಹೊಯ್ದ ದೇವತಾಮೂರ್ತಿಗಳಿವೆ. ಅದೇ ಊರಿನ ಓಣಿಗಳಲ್ಲಿ ಇಂದಿಗೂ ಅಂಥ ಮೂರ್ತಿಗಳನ್ನು ಎರಕ ಹೊಯ್ಯುತ್ತಾರೆ. 2015ರ ಏಪ್ರಿಲ್ ತಿಂಗಳ ಭೂಕಂಪದಲ್ಲಿ ಆ ಅರಮನೆಯ ಎದುರಿನ ದೇವಾಲಯಗಳು ಕುಸಿದು ಬಿದ್ದವು. ಕೆತ್ತನೆಯ ಮರದ ತುಂಡುಗಳನ್ನು ಆಯ್ದು ಜೋಪಾನ ಮಾಡಿಟ್ಟು, ಮುರಿದುದನ್ನು ಹೊಸದಾಗಿ ಕೆತ್ತಿ, ನೇವಾರ ಶಿಲ್ಪಿಗಳು ಅವನ್ನು ಮತ್ತೆ ಎಬ್ಬಿಸಿದರು.

“ಗುಡಿ ಬಿದ್ದರೂ ವಿದ್ಯೆ ಬಿದ್ದಿರಲಿಲ್ಲ. ಆದ್ದರಿಂದ ಗುಡಿ ಮತ್ತೆ ಎದ್ದಿತು” ಎಂದು ಅವರು ಮಾತು ಮುಗಿಸಿದರು.

ಆ ಹುಡುಗಿ ರೊಟ್ಟಿಯನ್ನು ಕೈಯಲ್ಲಿಯೇ ಹಿಡಿದು ಕೇಳುತ್ತಿದ್ದಳು. “ನಮ್ಮನೇಲಿ ಗುಡಿ ಐತೆ, ವಿದ್ಯೆನೇ ಇಲ್ಲ ಸಾರ್” ಎಂದಳು. ಮಕ್ಕಳ ಬಾಯಿಂದ ಇಂತಹ ಮಾತು ಬಂದಾಗ ಉಪಾಧ್ಯಾಯರಾದವರು ತಲೆ ತಗ್ಗಿಸಬೇಕಾಗುವುದು.

ಮಧ್ಯಾಹ್ನ ಚಂದ್ರವಳ್ಳಿಗೆ ಇಳಿದೆವು. ಅಂಕಲಿಮಠದ ಗವಿಗಳ ಕತ್ತಲೆಯನ್ನು ಹೊಕ್ಕು ಬಂದ ಮೇಲೆ, ಭೈರವೇಶ್ವರ ದೇವಾಲಯದ ಬಳಿಯ ಬಂಡೆಯ ಮೇಲಿರುವ ಕದಂಬ ಮಯೂರಶರ್ಮನ ಶಾಸನವನ್ನು ತೋರಿಸಿದೆವು. ನಾಲ್ಕನೆಯ ಶತಮಾನದ, ಪ್ರಾಕೃತ ಭಾಷೆಯ ಆ ಶಾಸನವು ಒಂದು ಕೆರೆಯ ವಿಚಾರವನ್ನು ಹೇಳುತ್ತದೆ. ರಾಜನು ತನ್ನ ಹೆಸರನ್ನು ಕಲ್ಲಿನಲ್ಲಿ ನಿಲ್ಲಿಸಿದ್ದು ಕೆರೆಯ ಕೆಲಸಕ್ಕಾಗಿ! ಮಳೆ ಕಡಿಮೆಯಾದ ಈ ಸೀಮೆಯಲ್ಲಿ ನಮ್ಮ ಹಿರಿಯರಿಗೆ ಒಂದು ಮಾತು ಚೆನ್ನಾಗಿ ಗೊತ್ತಿತ್ತು: ಬಂದುದನ್ನು ಹಿಡಿದಿಡದಿದ್ದರೆ ಮುಂದಿನ ಸುಗ್ಗಿಗೆ ಏನೂ ಉಳಿಯದು.

ಅಲ್ಲಿಂದ ಹೆದ್ದಾರಿ ಹಿಡಿದು ಹಿರಿಯೂರಿಗೆ ಬಂದೆವು. ತೇರುಮಲ್ಲೇಶ್ವರನ ದರ್ಶನ ಪಡೆದು, ಮಂಟಪದ ಛಾವಣಿಯ ಮೇಲಿನ ಪುರಾಣ ಕಥೆಗಳ ಚಿತ್ರಗಳನ್ನು ತಲೆಯೆತ್ತಿ ನೋಡಿದೆವು. ಬಿಸಿಲು ಬಾಡುವ ಹೊತ್ತಿಗೆ ಮಾರಿಕಣಿವೆಯನ್ನು ತಲುಪಿದೆವು. ಎರಡು ಗುಡ್ಡಗಳ ನಡುವೆ ವೇದಾವತಿಯನ್ನು ತಡೆದು ನಿಲ್ಲಿಸಿರುವ ವಾಣಿವಿಲಾಸ ಸಾಗರವು, ರಾಜಪ್ರತಿನಿಧಿಯಾಗಿ ಮೈಸೂರನ್ನಾಳಿದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನು ಹೊತ್ತಿದೆ. 1907ರಲ್ಲಿ ಪೂರ್ಣಗೊಂಡ ಈ ಅಣೆಕಟ್ಟಿನ ಪೂರ್ಣ ಮಟ್ಟ 130 ಅಡಿ. 1933ರಲ್ಲಿ ಕೋಡಿ ಬಿದ್ದ ಮೇಲೆ, ಎಂಬತ್ತೊಂಬತ್ತು ವರ್ಷಗಳ ಬಳಿಕ 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಜಿಲ್ಲೆಗೆ ಜಿಲ್ಲೆಯೇ ನೋಡಲು ಹೊರಟಿದ್ದನ್ನು ಮಕ್ಕಳೆಲ್ಲರೂ ನೆನೆಸಿಕೊಂಡರು.

ಆ ನೀರಿನೆದುರು ನಿಂತಾಗ, ಬೆಳಿಗ್ಗೆ ನಾವು ಮೂಕರಾದ ಕಾರಣವನ್ನು ಆ ಹುಡುಗಿಗೆ ಹೇಳಿದೆವು. ನಮ್ಮ ಮನೆಯಲ್ಲಿಯೂ ಕೆಂಪು ವಸ್ತ್ರದಲ್ಲಿ ಸುತ್ತಿದ ಮೂರು ಕಟ್ಟುಗಳಿದ್ದವು. ನಮ್ಮ ಅಜ್ಜ ಲಿಂಗೈಕ್ಯರಾದ ವರ್ಷ ಮನೆಯ ಹಿರಿಯರು, ಓದುವವರಿಲ್ಲದ ಮೇಲೆ ಕಾಲಿಗೆ ಕೈಗೆ ಸಿಕ್ಕಿ ಅಪಚಾರವಾದೀತೆಂದು ಅಂಜಿ, ಅವನ್ನು ಭಕ್ತಿಯಿಂದಲೇ ವೇದಾವತಿಗೆ ಬಿಟ್ಟರು. ಆಗ ನಾವು ಚಿಕ್ಕವರು. ಹೂವು ಹಿಡಿದು ಹಿಂದೆ ಹೋಗಿದ್ದೆವು. ಕಟ್ಟುಗಳು ತೇಲಿ ಹೋಗುವುದನ್ನು ನೋಡಿ ಚಪ್ಪಾಳೆ ತಟ್ಟಿದ್ದೂ ನೆನಪಿದೆ. ಅವುಗಳಲ್ಲಿ ಏನಿತ್ತೆಂಬುದು ಇನ್ನು ಯಾರಿಗೂ ತಿಳಿಯುವಂತಿಲ್ಲ. ಅದೇ ಹೊಳೆಯ ನೀರು ಹರಿದು ಬಂದು ಈ ಕಣಿವೆಯಲ್ಲಿ ನಿಲ್ಲುತ್ತದೆ. ನೀರನ್ನು ಹಿಡಿದಿಡಲು ಇಷ್ಟು ದೊಡ್ಡ ಕಟ್ಟೆಯಿದೆ. ನಮ್ಮ ಮನೆಯ ಓಲೆಗಳನ್ನು ಹಿಡಿದಿಡಲು ಒಂದು ಕೈಯೂ ಮುಂದಾಗಲಿಲ್ಲ.

ಹುಡುಗಿ ಬಹಳ ಹೊತ್ತು ಸುಮ್ಮನಿದ್ದು, “ನೀವು ಬಂದು ಅಜ್ಜನಿಗೆ ಹೇಳ್ತೀರಾ ಸಾರ್?” ಎಂದು ಕೇಳಿದಳು.

ಮುಂದಿನ ಭಾನುವಾರ ನಾವು ಅವರ ಮನೆಗೆ ಹೋದೆವು. ಹಳೆಯ ಮನೆಯ ಅರ್ಧ ಹೆಂಚು ಆಗಲೇ ಇಳಿದಿತ್ತು. ಅಜ್ಜನವರು ಆದರದಿಂದ ಬರಮಾಡಿಕೊಂಡರು. ಆದರೆ ನಮ್ಮ ಮಾತನ್ನು ಸುಲಭವಾಗಿ ಒಪ್ಪಲಿಲ್ಲ.

“ಮೇಷ್ಟ್ರೇ, ನಮ್ಮ ಮುತ್ತಜ್ಜನ ಕಾಲದಿಂದ ಪೂಜೆ ಮಾಡಿದ ವಸ್ತು. ಹೊಸ ಮನೇಲಿ ಮೂಲೇಗೆ ಹಾಕಿ ಇಲಿ ಪಾಲು ಮಾಡಕ್ಕೆ ನಂಗಿಷ್ಟ ಇಲ್ಲ. ಹೊಳೆಗೆ ಬಿಟ್ಟರೆ ದೋಷ ಇಲ್ಲ.”

ಅವರ ಮಾತಿನಲ್ಲಿ ಅಸಡ್ಡೆಯಿರಲಿಲ್ಲ, ಭಕ್ತಿಯಿತ್ತು. ನಮ್ಮ ಮನೆಯ ಹಿರಿಯರದೂ ಇದೇ ಮಾತಾಗಿತ್ತು. ಆದ್ದರಿಂದ ನಾವು ವಾದಕ್ಕಿಳಿಯದೆ ಫ.ಗು. ಹಳಕಟ್ಟಿಯವರ ಸಂಗತಿಯನ್ನು ಹೇಳಿದೆವು. ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆಯ, ಮಠಮಠದ ಓಲೆಗಳನ್ನು ಹುಡುಕಿ ತಂದು, ಶೋಧಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಅವರಿಗೆ ಓಲೆ ಕೊಟ್ಟ ಮನೆಗಳವರೂ ಪೂಜೆ ಮಾಡುತ್ತಿದ್ದವರೇ. ಅವರೆಲ್ಲರೂ ಅದಕ್ಕೆ ಮೊದಲೇ ಹೊಳೆಗೆ ಬಿಟ್ಟಿದ್ದರೆ, ಇಂದು ನಾವು ದಿನವೂ ಪಠಿಸುವ ಎಷ್ಟೋ ವಚನಗಳು ನಮಗೆ ದೊರೆಯುತ್ತಿರಲಿಲ್ಲ. ದುರ್ಗದ ಚರಿತ್ರೆಗಾಗಿ ಓಲೆ, ಕಡತ, ಶಾಸನಗಳ ಬೆನ್ನು ಹತ್ತಿದ ಹುಲ್ಲೂರು ಶ್ರೀನಿವಾಸ ಜೋಯಿಸರ ಹೆಸರನ್ನೂ ನೆನೆದೆವು. ಕೊನೆಗೆ ನಮ್ಮ ಮನೆಯ ಮೂರು ಕಟ್ಟುಗಳ ಕಥೆಯನ್ನೂ ಮುಚ್ಚಿಡಲಿಲ್ಲ.

ಅಜ್ಜನವರು ಎದ್ದು ಹೋಗಿ ಕೈಕಾಲು ತೊಳೆದು ಬಂದು, ಗಂಟನ್ನು ತಂದು ಮಣೆಯ ಮೇಲಿಟ್ಟರು. ವಸ್ತ್ರ ಬಿಚ್ಚಿದರೆ ಒಂದು ಓಲೆಯ ಕಟ್ಟು. ಅದರ ಜೊತೆಗೆ ಒಂದು ಕಡತ. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಸಿ, ಬಳಪದಿಂದ ಬರೆಯುತ್ತಿದ್ದ ಹಳೆಯ ಪುಸ್ತಕವದು. ಇಂದು ಕಚೇರಿಗಳಲ್ಲಿ ಕಡತವೆಂಬ ಶಬ್ದವನ್ನು ಬಳಸುವವರಲ್ಲಿ ನಿಜವಾದ ಕಡತವನ್ನು ಕಂಡವರೆಷ್ಟು ಮಂದಿ? ಓಲೆಗಳ ಮೋಡಿ ಅಕ್ಷರಗಳು ನಮಗೆ ಅಲ್ಲೊಂದು ಇಲ್ಲೊಂದು ಮಾತ್ರ ತಿಳಿದವು. ಕಡತವನ್ನು ಮಾತ್ರ ಕಷ್ಟಪಟ್ಟು ಓದಿದೆವು. ಅದರಲ್ಲಿದ್ದುದು ರಾಗಿಯ ಲೆಕ್ಕ. ಯಾರಿಗೆ ಎಷ್ಟು ಕೊಳಗ ಕೊಟ್ಟದ್ದು, ಎಷ್ಟು ಬಂದದ್ದು, ಎಷ್ಟನ್ನು ಬಿಟ್ಟದ್ದು.

ಇಷ್ಟು ವರ್ಷ ಪೂಜಿಸಿದ್ದು ರಾಗಿಯ ಲೆಕ್ಕವನ್ನೇ ಎಂದು ಮನೆಯವರು ಮುಖ ಮುಖ ನೋಡಿಕೊಂಡರು. ಅಜ್ಜನವರು ಮಾತ್ರ ನಕ್ಕುಬಿಟ್ಟರು. “ಬಿಟ್ಟಿದ್ದನ್ನೂ ಬರೆದವ್ರೆ ನೋಡಿ ಮೇಷ್ಟ್ರೇ! ಅಂದ್ರೆ ಬರಗಾಲದಾಗೆ ವಸೂಲಿ ಮಾಡಿಲ್ಲ ಅಂತಾಯ್ತು. ಇರ್ಲಿ, ಇದೂ ಪೂಜೆಗೆ ಬಂದಿದ್ದೇ” ಎಂದರು. ಕಾಯಕ ದಾಸೋಹಗಳ ಬಗ್ಗೆ ನಾವು ತರಗತಿಯಲ್ಲಿ ಮಾಡಿದ ಎಷ್ಟೋ ಪಾಠಗಳಿಗಿಂತ ಈ ಮಾತು ಹಿರಿದೆಂದು ನಮಗೆ ತೋರಿತು.

ಸಂಕ್ರಾಂತಿಯ ದಿನ ಗಂಟು ಹೊಳೆಗೆ ಹೋಗಲಿಲ್ಲ. ಹೊಸ ಮನೆಯ ದೇವರ ಕೋಣೆಯಲ್ಲಿ ಅದಕ್ಕೆಂದೇ ಒಂದು ಗೂಡನ್ನು ಬಿಡಿಸಿದ್ದಾರೆ. ಓಲೆಗಳನ್ನು ಬಲ್ಲವರಿಗೆ ತೋರಿಸಿ, ಪ್ರತಿ ಮಾಡಿಸಲು ಅಜ್ಜನವರು ಒಪ್ಪಿದ್ದಾರೆ. ಅವುಗಳಲ್ಲಿ ವಚನಗಳಿರಬಹುದು, ಪುರಾಣವಿರಬಹುದು, ಮನೆವೈದ್ಯವಿರಬಹುದು. ಏನಿದ್ದರೂ ಅದು ತಿಳಿದ ಮೇಲೆ ಆ ಮನೆಯ ಪೂಜೆಗೆ ಅರ್ಥ ಕೂಡುವುದು. ನಮ್ಮ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ ಕಲಾವಿದರು 1997ರಿಂದ ಊರೂರಿಗೆ ನಾಟಕಗಳನ್ನು ಕೊಂಡೊಯ್ದು ಶರಣರ ಮಾತನ್ನು ಜನರ ಬಾಯಲ್ಲಿ ಉಳಿಸುತ್ತಿದ್ದಾರೆ. ಓಲೆಗಳನ್ನು ಉಳಿಸುವ ಕೆಲಸ ಮನೆಗಳಿಗೆ ಸೇರಿದ್ದು.

ಓದುಗ ಬಂಧುಗಳಲ್ಲಿ ನಮ್ಮದೊಂದು ವಿನಂತಿ. ತಮ್ಮ ಮನೆಯ ಅಟ್ಟದಲ್ಲಿ ಅಥವಾ ದೇವರ ಗೂಡಿನಲ್ಲಿ ಓಲೆಯ ಕಟ್ಟಿದ್ದರೆ ಅದನ್ನು ನೀರಿಗೆ ಬಿಡಬೇಡಿರಿ, ತೂಕಕ್ಕೆ ಮಾರಬೇಡಿರಿ, ಒದ್ದೆ ಬಟ್ಟೆಯಿಂದ ಒರೆಸಬೇಡಿರಿ. ಒಣಗಿದ ಗರಿಗಳನ್ನು ಬಲವಂತವಾಗಿ ಬಿಡಿಸಿದರೆ ಮುರಿಯುತ್ತವೆ. ಸ್ವಚ್ಛವಾದ ಹತ್ತಿಯ ವಸ್ತ್ರದಲ್ಲಿ ಸುತ್ತಿ, ತೇವವಿಲ್ಲದ ಸ್ಥಳದಲ್ಲಿಟ್ಟು, ಹತ್ತಿರದ ಮಠಕ್ಕೋ, ಕಾಲೇಜಿನ ಕನ್ನಡ ಅಧ್ಯಾಪಕರಿಗೋ ತಿಳಿಸಿರಿ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯದಂತಹ ಸಂಸ್ಥೆಗಳಲ್ಲಿ ಇಂಥವನ್ನು ಕಾಪಾಡಿ ಓದುವ ಏರ್ಪಾಡಿದೆ. ಮಕ್ಕಳನ್ನು ಒಮ್ಮೆ ದುರ್ಗದ ಸಂಗ್ರಹಾಲಯಕ್ಕೂ ಕರೆದುಕೊಂಡು ಹೋಗಿರಿ. ಅಲ್ಲಿ ನೋಡಿ ಬಂದ ಮೇಲೆ ಅವರು ನಿಮ್ಮ ಅಟ್ಟದ ಏಣಿಯನ್ನು ಹತ್ತಬಯಸಿದರೆ ತಡೆಯಬೇಡಿರಿ.